ಹಿತ್ತಲಿನಲ್ಲಿ ಗೂಡು ಕಟ್ಟಿದ ಹಕ್ಕಿಗಳು ತಲೆಗೆ ಎರಗಿದರೆ ಮಾಡುವುದೇನು?

ಕೋಡಿಬಾಗದ ಮನೆ (ಕಾರವಾರ), ಮೇ 3

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಿತ್ತಲಿನಲ್ಲಿ, ಬಾವಿಕಟ್ಟೆಗೆ ಸಮೀಪದಲ್ಲಿಯೇ, ಹಳೆಯದೊಂದು ಕರಿ ಈಶಾಡು ಮಾವಿನ ಮರವಿದೆ. ಅದರ ಮೇಲಿನ ಕವಲಿನಲ್ಲಿ ಊರ ಕಾಗೆಯ ಜೋಡಿಯೊಂದು ಗೂಡು ಕಟ್ಟಿದೆ. ಬಾವಿಗೆ ನೀರಿಗೆ ಹೋದವರ, ಒಗೆಯುವ ಕಲ್ಲಿನ ಬಳಿ ಬಾಗಿ ನಿಂತವರ, ಬಟ್ಟೆ ಒಣಹಾಕಲು ಕೈ ಎತ್ತಿದವರ ತಲೆಗೆ ಅವು ಹಿಂದಿನಿಂದ ಬಂದು ಬಡಿದು ಹೋಗುತ್ತಿವೆ. ನನ್ನ ತಮ್ಮ ಒಮ್ಮೆ ಕಲ್ಲೆಸೆದ ನಂತರ ಅವನು ಹಿಂಬಾಗಿಲು ತೆರೆದರೆ ಸಾಕು, ಎರಡೂ ಕೂಗಿಕೊಂಡು ಬರುತ್ತವೆ. ಉಳಿದವರನ್ನು ಮರದ ಕೆಳಗೆ ಹೋದಾಗ ಮಾತ್ರ ಕಾಡುತ್ತವೆ.

ಆಯಿಗೆ ವಯಸ್ಸಾಗಿದೆ. ಬೆಚ್ಚಿ ಕಾಲು ಜಾರಿದರೆ ಬಾವಿಕಟ್ಟೆಯ ಕಲ್ಲಿನ ಮೇಲೆ ಬೀಳುತ್ತಾರೆ ಎಂಬುದೇ ನಮಗಿರುವ ದೊಡ್ಡ ಭಯ. ದೋಟಿಯಿಂದ ಗೂಡನ್ನು ಕೆಡವಿಬಿಡಿ, ಎರಡು ದಿನದಲ್ಲಿ ಮರೆತು ಹೋಗುತ್ತವೆ ಎಂದು ನೆರೆಯವರು ಹೇಳುತ್ತಾರೆ. ಹಾಗೆ ಮಾಡಬಹುದೇ, ಮಾಡದಿದ್ದರೆ ಈ ಕಾಟ ಎಷ್ಟು ದಿನ ಇರುತ್ತದೆ, ಈ ತಿಂಗಳ ಕೊನೆಗೆ ಮಾವಿನಕಾಯಿ ಇಳಿಸುವುದು ಹೇಗೆ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.

ಹಕ್ಕಿ ನೋಡುವ ಮೇಷ್ಟ್ರು (ಶಿರಸಿ), ಮೇ 3

ಕೋಡಿಬಾಗದವರಿಗೆ ನಮಸ್ಕಾರ. ತಮ್ಮ ಪ್ರಶ್ನೆಗಳಲ್ಲಿ 'ಎಷ್ಟು ದಿನ' ಎಂಬುದಕ್ಕೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಅದು ಗೊತ್ತಾದರೆ ಉಳಿದ ಆತಂಕ ಅರ್ಧ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಊರ ಕಾಗೆಗಳು ಮುಖ್ಯವಾಗಿ ಏಪ್ರಿಲ್‌ನಿಂದ ಜೂನ್‌ವರೆಗೆ, ಮಳೆಗಾಲ ಹಿಡಿಯುವ ಮೊದಲು, ಮರಿ ಮಾಡುತ್ತವೆ. ಸಾಮಾನ್ಯವಾಗಿ ನಾಲ್ಕೈದು ಮೊಟ್ಟೆಗಳು; ಕಾವು 16–17 ದಿನ; ಮರಿಗಳು ಗೂಡಿನಲ್ಲಿರುವುದು ಮೂರರಿಂದ ನಾಲ್ಕು ವಾರ. ಹೀಗಾಗಿ ಮೊದಲ ಮೊಟ್ಟೆಯಿಂದ ಲೆಕ್ಕ ಹಾಕಿದರೂ ಒಂದೂವರೆ ತಿಂಗಳ ಆಸುಪಾಸಿನಲ್ಲಿ ಗೂಡು ಖಾಲಿಯಾಗುತ್ತದೆ. ಈಗ ಒಂದು ಕಾಗೆ ಗೂಡಿನಲ್ಲೇ ಕುಳಿತಿದ್ದು ಅದರ ಬಾಲ ಮಾತ್ರ ಅಂಚಿನಾಚೆ ಕಾಣುತ್ತಿದ್ದರೆ ಅದು ಮೊಟ್ಟೆಯ ಹಂತ ಅಥವಾ ತೀರಾ ಎಳೆಯ ಮರಿಗಳ ಹಂತ. ಎರಡೂ ಸರದಿಯ ಮೇಲೆ ಆಹಾರ ಹೊತ್ತು ಬರುತ್ತಿದ್ದರೆ ಮರಿಗಳು ಬೆಳೆಯುತ್ತಿವೆ ಎಂದರ್ಥ. ಮನೆಯ ಕಿಟಕಿಯಿಂದ ಸ್ವಲ್ಪ ಹೊತ್ತು ನೋಡಿದರೆ ತಮಗೇ ತಿಳಿಯುತ್ತದೆ.

ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮೊಟ್ಟೆಯಿದ್ದಾಗ ಇರುವ ಸಿಟ್ಟಿಗಿಂತ ಮರಿ ದೊಡ್ಡದಾದಾಗಿನ ಸಿಟ್ಟು ಹೆಚ್ಚು. ಮರಿಗಳು ಹಾರಲು ಕಲಿಯದೆ ಗೂಡಿನಿಂದ ಹೊರಬಿದ್ದು ಕೆಳಗಿನ ಕೊಂಬೆಗಳಲ್ಲೋ ನೆಲದ ಮೇಲೋ ಕುಳಿತಿರುವ ಕೆಲವು ದಿನಗಳಂತೂ ಎಲ್ಲಕ್ಕಿಂತ ಕಠಿಣ. ದಿನ ಕಳೆದಂತೆ ಕಾಟ ಜಾಸ್ತಿಯಾಗುತ್ತಿದೆ ಎಂದು ಅನ್ನಿಸಿದರೆ ಅದು ಮುಗಿಯುತ್ತ ಬಂದಿದೆ ಎಂಬುದರ ಸೂಚನೆಯೂ ಹೌದು.

ಕಾಗೆ ಎದುರಿನಿಂದ ಬಡಿಯುವುದು ಅಪರೂಪ. ನಾವು ಬೆನ್ನು ತಿರುಗಿಸಿದಾಗ, ಬಾಗಿದಾಗ, ಓಡಿದಾಗಲೇ ಅದು ಇಳಿಯುತ್ತದೆ. ಆದ್ದರಿಂದ ಗೂಡಿನ ಕಡೆಗೆ ಮುಖ ಮಾಡಿ ನಿಧಾನವಾಗಿ ಸರಿದು ಬರುವುದು, ಬಾಗಿ ಮಾಡುವ ಕೆಲಸವನ್ನು ಆ ಮರದ ಕೆಳಗೆ ಮಾಡದಿರುವುದು, ಬಿಚ್ಚಿದ ಕೊಡೆ ಹಿಡಿದು ಹೋಗುವುದು, ಈ ಮೂರರಿಂದ ಬಹುತೇಕ ಪೆಟ್ಟು ತಪ್ಪುತ್ತದೆ. ಕೊಡೆಯನ್ನು ಅವುಗಳ ಕಡೆಗೆ ಬೀಸಬಾರದು. ತಲೆಯ ಮೇಲೆ ಸುಮ್ಮನೆ ಹಿಡಿದರೆ ಸಾಕು. ಒಗೆಯುವುದನ್ನು ಒಂದು ತಿಂಗಳು ಮನೆಯ ಇನ್ನೊಂದು ಬದಿಗೆ ಬದಲಾಯಿಸಲು ಸಾಧ್ಯವಿದ್ದರೆ ಅದಕ್ಕಿಂತ ಉತ್ತಮ ಉಪಾಯ ಬೇರಿಲ್ಲ. ಬಟ್ಟೆಯ ಹಗ್ಗವನ್ನೂ ಹಾಗೆಯೇ ಸರಿಸಿ ಕಟ್ಟಿ.

ತಮ್ಮ ತಮ್ಮನವರನ್ನು ಅವು ಗುರುತಿಟ್ಟುಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಮತ್ತು ಅವರ ಸಂಗಡಿಗರು 2006ರಲ್ಲಿ ಒಂದು ಮುಖವಾಡ ಧರಿಸಿ ಅಲ್ಲಿನ ಕಾಗೆಗಳನ್ನು ಹಿಡಿದು, ಗುರುತಿನ ಉಂಗುರ ಹಾಕಿ ಬಿಟ್ಟರು. ಆಮೇಲೆ ಯಾರೇ ಆ ಮುಖವಾಡ ಹಾಕಿಕೊಂಡು ನಡೆದರೂ ಕಾಗೆಗಳು ಅವರನ್ನು ಮುತ್ತಿ ಕೂಗುತ್ತಿದ್ದವು, ಮತ್ತು ಇದು ವರ್ಷಗಳ ಕಾಲ ಮುಂದುವರಿಯಿತು. ಅದು ಅಲ್ಲಿನ ಬೇರೆ ಜಾತಿಯ ಕಾಗೆ ಎಂಬುದು ನಿಜ. ಆದರೆ ಕಲ್ಲೆಸೆದವನನ್ನು ನಮ್ಮೂರ ಕಾಗೆ ಮರೆಯುವುದಿಲ್ಲ ಎಂಬುದನ್ನು ಇಲ್ಲಿನ ಯಾವ ಮನೆಯ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ತಮ್ಮನವರು ಕೆಲವು ವಾರ ಮುಂಬಾಗಿಲನ್ನೇ ಬಳಸಲಿ.

ಗೂಡು ಕೆಡಹುವ ವಿಷಯವನ್ನು ಕಾನೂನು ತಿಳಿದವರು ಹೇಳಲಿ. ನಾನು ಹೇಳುವುದು ಇಷ್ಟೇ: ಗೂಡು ಕಳೆದುಕೊಂಡ ಜೋಡಿ ಆ ಋತುವಿನಲ್ಲಿ ಕಾಲಾವಕಾಶ ಉಳಿದಿದ್ದರೆ ಮತ್ತೆ ಕಟ್ಟುತ್ತದೆ, ಅನೇಕ ಸಲ ಅದೇ ಮರದಲ್ಲಿ ಅಥವಾ ಪಕ್ಕದ ಮರದಲ್ಲಿ. ಆಗ ದಿನದ ಎಣಿಕೆ ಮತ್ತೆ ಒಂದರಿಂದ ಶುರುವಾಗುತ್ತದೆ.

ಯಲ್ಲಾಪುರದಿಂದ ಒಬ್ಬ ಓದುಗ, ಮೇ 4

ಮೇಷ್ಟ್ರ ವಿವರಣೆ ಚೆನ್ನಾಗಿದೆ, ಆದರೆ ಕಾಗೆಯ ಮೇಲೆ ಇಷ್ಟು ಕರುಣೆ ಏಕೆ ಎಂಬುದು ನನಗೆ ಅರ್ಥವಾಗಲಿಲ್ಲ. ನಮ್ಮ ಮನೆಯ ಕೋಳಿಮರಿಗಳನ್ನು ಎತ್ತಿಕೊಂಡು ಹೋಗುವುದು, ಪಿಕಳಾರದ ಗೂಡಿನಿಂದ ಮೊಟ್ಟೆ ಕದಿಯುವುದು ಇದೇ ಕಾಗೆ. ಸಂಖ್ಯೆಯೂ ಕಡಿಮೆಯೇನಿಲ್ಲ. ಮನೆಯ ಹಿರಿಯರ ಕಾಲು ಮುರಿಯುವುದಕ್ಕಿಂತ ಒಂದು ಗೂಡು ಹೋಗುವುದೇ ಮೇಲು ಎಂದು ಹೇಳಿದರೆ ತಪ್ಪೇ? ಹಿಂದೆ ಕಾಗೆಗೆ ಕಾನೂನಿನ ರಕ್ಷಣೆಯೇ ಇರಲಿಲ್ಲ ಎಂದು ಕೇಳಿದ್ದೇನೆ.

ವಕೀಲರೊಬ್ಬರು (ಕಾರವಾರ), ಮೇ 4

ಯಲ್ಲಾಪುರದವರು ಕೇಳಿರುವುದು ಹಳೆಯ ಸ್ಥಿತಿಗೆ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯಲ್ಲಿ ಇಲಿ, ಹಣ್ಣು ತಿನ್ನುವ ಬಾವಲಿ ಮುಂತಾದವುಗಳ ಜೊತೆ ಊರ ಕಾಗೆಯೂ ಪೀಡಕ ಪ್ರಾಣಿಯೆಂದು ಸೇರಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆದುಹಾಕಲಾಯಿತು. ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈಗ ಯಾವುದಾದರೂ ಪ್ರಾಣಿಯನ್ನು ಪೀಡಕವೆಂದು ಪರಿಗಣಿಸಬೇಕಾದರೆ ಕೇಂದ್ರ ಸರ್ಕಾರವು ನಿರ್ದಿಷ್ಟ ಪ್ರದೇಶಕ್ಕೆ, ನಿರ್ದಿಷ್ಟ ಅವಧಿಗೆ ಅಧಿಸೂಚನೆ ಹೊರಡಿಸಬೇಕು.

ಸಾಮಾನ್ಯವಾಗಿ ಜನರ ಗಮನಕ್ಕೆ ಬಾರದ ಇನ್ನೊಂದು ಅಂಶವಿದೆ. ಈ ಕಾಯ್ದೆಯಲ್ಲಿ 'ಬೇಟೆ' ಎಂದರೆ ಗುಂಡು ಹೊಡೆಯುವುದು, ಉರುಳು ಹಾಕುವುದು ಮಾತ್ರವಲ್ಲ. ಕಾಡುಹಕ್ಕಿಗಳ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದು ಕೂಡ ಆ ವ್ಯಾಖ್ಯೆಯೊಳಗೇ ಬರುತ್ತದೆ. ಕಾಗೆ ಹಿತ್ತಲಿನಲ್ಲಿರುತ್ತದೆ, ಮರ ನನ್ನದು ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. ಯಾರ ಜೀವಕ್ಕಾದರೂ ನಿಜವಾದ ಅಪಾಯವಿದ್ದರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ಲಿಖಿತವಾಗಿ ತಿಳಿಸಿ, ಅವರು ಹೇಳಿದಂತೆ ನಡೆಯುವುದು ಸರಿಯಾದ ದಾರಿ. ಒಂದು ತಿಂಗಳಲ್ಲಿ ತಾನಾಗಿ ಮುಗಿಯುವ ತೊಂದರೆಗೆ ಅಷ್ಟು ದೂರ ಹೋಗುವ ಅಗತ್ಯ ನನಗೆ ಕಾಣುವುದಿಲ್ಲ.

ಹಕ್ಕಿ ನೋಡುವ ಮೇಷ್ಟ್ರು (ಶಿರಸಿ), ಮೇ 4

ಯಲ್ಲಾಪುರದವರು ಕರುಣೆಯ ಮಾತು ಎತ್ತಿದ್ದರಿಂದ ಹೇಳುತ್ತೇನೆ. ನಾನು ಕಾಗೆಯ ಪರವಾಗಿ ವಾದಿಸುತ್ತಿಲ್ಲ. ಕೋಡಿಬಾಗದವರಿಗೆ ಯಾವುದರಿಂದ ಬೇಗ ಬಿಡುಗಡೆ ಸಿಗುತ್ತದೆ ಎಂಬುದನ್ನಷ್ಟೇ ನೋಡುತ್ತಿದ್ದೇನೆ. ಪಟಾಕಿ ಹೊಡೆಯುವುದರಿಂದ ಗೂಡಿಲ್ಲದ ಕಾಗೆಗಳು ಹಾರಿಹೋಗುತ್ತವೆ, ಗೂಡಿರುವ ಜೋಡಿ ಮರಳಿ ಬರುತ್ತದೆ. ಸತ್ತ ಕಾಗೆಯನ್ನೋ ಕರಿಬಟ್ಟೆಯನ್ನೋ ತೂಗುಹಾಕಿದರೆ ಊರಿನ ಕಾಗೆಗಳೆಲ್ಲ ಕೂಡಿ ಕೂಗುತ್ತವೆ. ಕೋಳಿಮರಿಗಳ ವಿಷಯ ಬೇರೆ: ಅದಕ್ಕೆ ಬಲೆ ಹೊದಿಸಿದ ಗೂಡೇ ಉಪಾಯ.

ಹಾಗೆಯೇ ಕೋಗಿಲೆಯನ್ನೂ ಮರೆಯಬೇಡಿ. ಈಗ ತಮ್ಮ ಹಿತ್ತಲಿನಲ್ಲಿ ಕೋಗಿಲೆ ದಿನವಿಡೀ ಕೂಗುತ್ತಿರಬೇಕು. ಅದು ಮೊಟ್ಟೆಯಿಡುವುದು ಕಾಗೆಯ ಗೂಡಿನಲ್ಲಿ. ಅದರ ಮೊಟ್ಟೆ ಕಾಗೆಯದಕ್ಕಿಂತ ಮೊದಲೇ ಒಡೆಯುತ್ತದೆ. ಗಂಡು ಕೋಗಿಲೆ ಕಾಗೆಗಳಿಂದ ಅಟ್ಟಿಸಿಕೊಳ್ಳುವ ಹೊತ್ತಿನಲ್ಲಿ ಹೆಣ್ಣು ಗೂಡಿಗೆ ನುಗ್ಗುತ್ತದೆ. ಹೀಗಾಗಿ ಈ ತಿಂಗಳುಗಳಲ್ಲಿ ಕಾಗೆಗೆ ಪುರುಸೊತ್ತಿಲ್ಲ, ಸಮೀಪ ಬಂದವರೆಲ್ಲರ ಮೇಲೂ ಅದಕ್ಕೆ ಅನುಮಾನ.

ಬೇಲೇಕೇರಿ ಕಡಲತಡಿ (ಅಂಕೋಲಾ), ಮೇ 6

ಗೂಡಿಗಾಗಿ ಎರಗುವುದಕ್ಕೂ ಮೀನಿಗಾಗಿ ಎರಗುವುದಕ್ಕೂ ವ್ಯತ್ಯಾಸ ತಿಳಿದುಕೊಳ್ಳಬೇಕೆಂದು ನನಗೆ ಅನ್ನಿಸುತ್ತದೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಳೆಗಾಲಕ್ಕೆಂದು ಮೀನು ಒಣಗಿಸುವ ಕೆಲಸ ಏಪ್ರಿಲ್, ಮೇ ತಿಂಗಳುಗಳಲ್ಲಿ ಭರದಿಂದ ನಡೆಯುತ್ತದೆ. ಕಾಗೆಗಳು ಮರಿ ಸಾಕುವುದೂ ಇದೇ ಹೊತ್ತಿನಲ್ಲಿ. ಹದ್ದು ಬುಟ್ಟಿಯಿಂದ ಮೀನು ಕಸಿದುಕೊಂಡು ಹೋಗುವಾಗ ಉಗುರು ತಾಗಿದರೆ ಅದು ಆಕಸ್ಮಿಕ. ಬುಟ್ಟಿ ಮುಚ್ಚಿದರೆ ಅದು ಬರುವುದಿಲ್ಲ. ಗೂಡಿನ ಕಾಗೆಯಾದರೆ ಬುಟ್ಟಿ ಮುಚ್ಚಿದರೂ, ಕೈ ಖಾಲಿಯಿದ್ದರೂ ಬರುತ್ತದೆ. ನಮ್ಮ ಮನೆಯಲ್ಲಿ ಮೊದಲು ಕೈ ತೊಳೆದು, ಬರಿಗೈಯಲ್ಲಿ ಅದೇ ಜಾಗಕ್ಕೆ ಹೋಗಿ ನೋಡುತ್ತೇವೆ.

ಹದ್ದಿಗೂ ಗೂಡಿನ ಸಿಟ್ಟು ಇದೆ, ಆದರೆ ಅದು ಮರಿ ಮಾಡುವ ಕಾಲ ಬೇರೆ. ನಮ್ಮ ಕಡೆ ಚಳಿಗಾಲದಲ್ಲಿಯೇ ಗೂಡು ಕಟ್ಟಲು ತೊಡಗುತ್ತದೆ. ದೆಹಲಿಯಲ್ಲಿ ಹದ್ದುಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರ ಬಗ್ಗೆ ಓದಿದ್ದೆ: ಬೀದಿಯಲ್ಲಿ ಕಸ ಹೆಚ್ಚಿರುವ, ಜನರು ಹರಕೆಯಂತೆ ಮಾಂಸದ ತುಂಡು ಎಸೆಯುವ ಬಡಾವಣೆಗಳಲ್ಲಿ ಹದ್ದುಗಳು ಗೂಡಿನ ಬಳಿ ಮನುಷ್ಯರ ಮೇಲೆ ಹೆಚ್ಚು ಎರಗುತ್ತವೆಯಂತೆ. ಕೋಡಿಬಾಗದವರು ಮೀನು ಹೆಚ್ಚಿದ ನೀರು, ಕಿವಿರು, ಕರುಳನ್ನು ಆ ಮಾವಿನ ಮರದ ಬುಡಕ್ಕೆ ಹಾಕುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಲಿ. ಮರಕ್ಕೆ ಒಳ್ಳೆಯ ಗೊಬ್ಬರವೆಂದು ನಮ್ಮ ಕಡೆ ಎಲ್ಲರೂ ಹಾಗೆಯೇ ಮಾಡುತ್ತಾರೆ, ಆದರೆ ಮಣ್ಣು ಮುಚ್ಚದೆ ಬಿಟ್ಟರೆ ಊರಿನ ಕಾಗೆಗಳೆಲ್ಲ ಅಲ್ಲಿ ಇಳಿಯುತ್ತವೆ, ಗೂಡಿನ ಜೋಡಿಗೆ ದಿನವಿಡೀ ಜಗಳ, ಆ ಜಗಳದ ಸಿಟ್ಟು ನಮ್ಮ ಮೇಲೆ.

ಅಡಿಕೆ ತೋಟದವರು (ಸಿದ್ದಾಪುರ), ಮೇ 9

ಇಲ್ಲಿ ಎಲ್ಲರೂ ಕಾಗೆಯನ್ನೇ ಹಿಡಿದುಕೊಂಡಿರುವುದರಿಂದ ಘಟ್ಟದ ಮೇಲಿನವರ ಕಷ್ಟವನ್ನೂ ಹೇಳುತ್ತೇನೆ. ನಮಗೆ ಕಾಟ ಕೊಡುವುದು ಕಾಜಾಣ. ಗಾತ್ರದಲ್ಲಿ ಕಾಗೆಯ ಅರ್ಧವೂ ಇಲ್ಲ, ಆದರೆ ಹದ್ದನ್ನೇ ಬೆನ್ನಟ್ಟಿ ಕುಕ್ಕುವ ಹಕ್ಕಿಗೆ ಮನುಷ್ಯ ಯಾವ ಲೆಕ್ಕ? ಗದ್ದೆಯಂಚಿನ ಹಲಸಿನ ಮರದ ಕವಲಿನಲ್ಲಿ ಬಟ್ಟಲಿನಷ್ಟು ಗೂಡು, ಮೂರೋ ನಾಲ್ಕೋ ಮೊಟ್ಟೆ. ಕಾವು ಎರಡು ವಾರ, ಮರಿ ಹಾರುವುದಕ್ಕೆ ಇನ್ನೆರಡು ಮೂರು ವಾರ. ನಾಯಿ, ಬೆಕ್ಕು, ಮುಂಗುಸಿ, ಮಂಗ ಎಂದು ಭೇದವಿಲ್ಲದೆ ಎರಗುತ್ತದೆ. ಕೊಟ್ಟಿಗೆಯಿಂದ ದನ ಬಿಟ್ಟಾಗ ಮಾತ್ರ ಸುಮ್ಮನಿರುತ್ತದೆ, ಏಕೆಂದರೆ ದನದ ಕಾಲಿಗೆ ಏಳುವ ಹುಳುಗಳು ಅದಕ್ಕೆ ಬೇಕು.

ತೊಂದರೆ ಬರುವುದು ಕೊಳೆರೋಗದ ಮದ್ದು ಹೊಡೆಯುವ ಸಮಯಕ್ಕೆ. ಮಳೆ ಹಿಡಿಯುವ ಮುನ್ನ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಂದು ಸಲ ಬೋರ್ಡೋ ದ್ರಾವಣ ಹೊಡೆಯದಿದ್ದರೆ ಅಡಿಕೆ ಕೈಗೆ ಸಿಗುವುದಿಲ್ಲ. ಮರದ ತುದಿಯಲ್ಲಿ ಎರಡೂ ಕೈಗೆ ಕೆಲಸವಿರುವ ಕೊನೆಗೌಡನ, ಅಂದರೆ ಅಡಿಕೆ ಮರ ಹತ್ತುವವನ, ಕುತ್ತಿಗೆಗೆ ಕಾಜಾಣ ಬಂದು ಬಡಿದರೆ ಅದು ನಗುವ ವಿಷಯವಲ್ಲ. ಹಾಗಾಗಿ ಗೂಡಿರುವ ಮೂಲೆಯ ಮರಗಳಿಗೆ ಯಾರನ್ನೂ ಹತ್ತಿಸುವುದಿಲ್ಲ. ಈಚೆಗೆ ಬಂದಿರುವ ಫೈಬರ್ ದೋಟಿಯಿಂದ ನೆಲದಲ್ಲಿ ನಿಂತೇ ಆ ಸಾಲಿಗೆ ಹೊಡೆಸುತ್ತೇವೆ, ಹೊಡೆಯುವವರ ತಲೆಗೆ ಹಾಳೆ ಟೊಪ್ಪಿ ಹಾಕಿಸುತ್ತೇವೆ. ಹಾಳೆ ಟೊಪ್ಪಿಗೆ ಕೊಕ್ಕು ತಾಗಿದರೆ ಟಪ್ ಎಂದು ಸದ್ದಾಗುತ್ತದೆ, ಅಷ್ಟೇ. ಗೂಡಿನ ಮೇಲೆ ದ್ರಾವಣ ಬೀಳದಂತೆ ನೋಡಿಕೊಂಡು, ಆ ಮೂಲೆಯನ್ನು ಒಂದೇ ಸಲಕ್ಕೆ ಮುಗಿಸಿ ಹೊರಬರುವುದು ಮುಖ್ಯ. ಅರ್ಧ ಹೊಡೆದು ಚಹಾಕ್ಕೆ ಹೋಗಿ ಮತ್ತೆ ಬಂದರೆ ಎರಡು ಪಟ್ಟು ಪೆಟ್ಟು.

ಇಷ್ಟಾದರೂ ಕಾಜಾಣ ನಮ್ಮಲ್ಲಿ ಇರಲಿ ಎಂದೇ ಬಯಸುತ್ತೇನೆ. ಗದ್ದೆಯ ಹುಳು ಹಿಡಿಯಲು ಅದು ಕೂರಲೆಂದು ಜನರು ಗೂಟ ನೆಟ್ಟುಕೊಡುತ್ತಾರೆ. ಅದರ ಗೂಡಿನ ಸುತ್ತ ಕಾಗೆ ಸುಳಿಯುವುದಿಲ್ಲವಾದ್ದರಿಂದ ಪಾರಿವಾಳದ ಜಾತಿಯ ಚೋರೆಹಕ್ಕಿ, ಹೊನ್ನಕ್ಕಿ ಮುಂತಾದವು ಆ ಮರದ ಆಸುಪಾಸಿನಲ್ಲಿಯೇ ಗೂಡು ಕಟ್ಟುತ್ತವೆ. ಯಲ್ಲಾಪುರದವರು ಕೋಳಿಮರಿಗಳಿಗೆ ಕಾವಲು ಹುಡುಕುತ್ತಿದ್ದರೆ ಹಿತ್ತಲಿಗೆ ಒಂದು ಜೋಡಿ ಕಾಜಾಣ ಬರಲೆಂದು ಹಾರೈಸಿಕೊಳ್ಳಲಿ.

ಕೋಡಿಬಾಗದ ಮನೆ (ಕಾರವಾರ), ಮೇ 13

ಎಲ್ಲರಿಗೂ ಧನ್ಯವಾದ. ಈಗ ಎರಡೂ ಕಾಗೆಗಳು ಆಹಾರ ಹೊತ್ತು ಬರುತ್ತಿವೆ, ಆದ್ದರಿಂದ ಮರಿಗಳಾಗಿವೆ ಎಂದು ತಿಳಿದುಕೊಂಡಿದ್ದೇನೆ. ಒಗೆಯುವ ಕೆಲಸವನ್ನು ಮನೆಯ ಪಕ್ಕದ ನಲ್ಲಿಗೆ ಬದಲಾಯಿಸಿದ್ದೇವೆ. ಬಾವಿಯಿಂದ ಪಂಪಿನಲ್ಲೇ ನೀರೆತ್ತುತ್ತಿದ್ದೇವೆ. ಪೆಟ್ಟು ಬಹಳ ಕಡಿಮೆಯಾಗಿದೆ.

ಎರಡು ವಿಷಯ ಉಳಿದಿವೆ. ಮೊದಲನೆಯದು ಮಾವಿನಕಾಯಿ. ಗುತ್ತಿಗೆಯವರು ಇನ್ನೆರಡು ವಾರದಲ್ಲಿ ಮರ ಹತ್ತುತ್ತೇವೆ ಎನ್ನುತ್ತಿದ್ದಾರೆ. ಎರಡನೆಯದನ್ನು ಬರೆಯಲು ಸ್ವಲ್ಪ ಸಂಕೋಚ. ಕಾಗೆ ತಲೆಗೆ ಬಡಿದದ್ದು ಶನಿಯ ಸೂಚನೆಯೆಂದು ಆಯಿ ಬಹಳ ನೊಂದುಕೊಂಡಿದ್ದಾರೆ. ಗೂಡಿನ ವಿಷಯ ಹೇಳಿದರೂ ಅವರ ಮನಸ್ಸಿಗೆ ಸಮಾಧಾನವಿಲ್ಲ.

ಈಶಾಡಿನ ತೋಟ (ಅಂಕೋಲಾ), ಮೇ 13

ಗುತ್ತಿಗೆಯವರನ್ನು ಆ ಮರಕ್ಕೆ ಪೂರ್ತಿ ಹತ್ತಿಸಬೇಡಿ. ಕಾಗೆಯ ಪೆಟ್ಟಿನಿಂದ ಆಗುವ ಗಾಯ ಚಿಕ್ಕದು, ಅದನ್ನು ತಪ್ಪಿಸಲು ಕೈ ಬಿಟ್ಟವನಿಗೆ ಆಗುವ ಗಾಯ ಚಿಕ್ಕದಲ್ಲ. ಗೂಡಿರುವ ಕೊಂಬೆಯನ್ನೂ ಅದಕ್ಕೆ ತಾಗಿದ ಕೊಂಬೆಯನ್ನೂ ಬಿಟ್ಟು, ಎದುರು ಬದಿಯ ಕಾಯಿಗಳನ್ನು ಬಲೆ ಕಟ್ಟಿದ ದೋಟಿಯಿಂದ ನೆಲದಲ್ಲಿ ನಿಂತು ಇಳಿಸಲಿ. ಒಬ್ಬರು ದೋಟಿ ಹಿಡಿದರೆ ಇನ್ನೊಬ್ಬರು ಅವರ ಬೆನ್ನಿಗೆ ಬೆನ್ನು ಕೊಟ್ಟು ಕೊಡೆ ಬಿಚ್ಚಿ ನಿಲ್ಲಲಿ. ಕಾಯಿ ತೆಗೆಯುವವನ ಕಣ್ಣು ಮೇಲಿರುತ್ತದೆ, ಹಿಂದೆ ಏನು ಬರುತ್ತಿದೆಯೆಂದು ಅವನಿಗೆ ಕಾಣುವುದಿಲ್ಲ.

ಗೂಡಿನ ಬದಿಯ ಕಾಯಿಗಳು ಮರದಲ್ಲೇ ಹಣ್ಣಾದರೆ ಬಾವಲಿಗೂ ಕಾಗೆಗೂ ಹೋಗುತ್ತವೆ, ಆ ನಷ್ಟವನ್ನು ಗುತ್ತಿಗೆಯವರ ಬಳಿ ಈಗಲೇ ಮಾತನಾಡಿ ಲೆಕ್ಕ ಸರಿಪಡಿಸಿಕೊಳ್ಳಿ. ಮರಿ ಹಾರಿದ ಮೇಲೆ ಇಳಿಸೋಣವೆಂದು ಎಲ್ಲ ಕಾಯಿಯನ್ನೂ ತಡೆದಿಟ್ಟರೆ ಮಳೆ ಬಿದ್ದು ರುಚಿ ಹೋಗುತ್ತದೆ, ಹುಳ ಸೇರುತ್ತದೆ. ಈಶಾಡಿನ ಬೆಲೆಯೆಲ್ಲ ಆ ರುಚಿಯಲ್ಲಿಯೇ ಇದೆ.

ಗೋಕರ್ಣದವರು, ಮೇ 14

ಆಯಿಯವರ ನಂಬಿಕೆಯನ್ನು ವಾದದಿಂದ ಗೆಲ್ಲಲು ಹೋಗಬೇಡಿ. ಸ್ನಾನ ಮಾಡಿಸಿ, ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚಿಸಿ. ಅದರಿಂದ ಯಾರಿಗೂ ನಷ್ಟವಿಲ್ಲ, ಅವರಿಗೆ ನೆಮ್ಮದಿಯಿದೆ. ಶ್ರಾದ್ಧದ ದಿನ ಎಲೆಯಲ್ಲಿ ಅನ್ನವಿಟ್ಟು, ಕಾಗೆ ಮುಟ್ಟುವವರೆಗೆ ನಾವೇ ಹಸಿದು ಕಾಯುತ್ತೇವೆ. ಅಂಥ ಹಕ್ಕಿ ತನ್ನ ಮರಿಗಾಗಿ ಹೆದರಿ ಬಡಿದದ್ದನ್ನು ಕೇಡೆಂದು ತಿಳಿಯಬೇಕಿಲ್ಲ ಎಂದು ಅವರ ವಯಸ್ಸಿನವರೇ ಯಾರಾದರೂ ಹೇಳಿದರೆ ಒಪ್ಪುತ್ತಾರೆ. ಮಕ್ಕಳು ಹೇಳಿದರೆ ಒಪ್ಪುವುದು ಕಷ್ಟ. ನಿತ್ಯವೂ ಕಾಗೆಗೆ ಅನ್ನವಿಡುವ ರೂಢಿ ಮನೆಯಲ್ಲಿದ್ದರೆ ಅದನ್ನು ಆ ಮರದಿಂದ ದೂರ, ಮನೆಯ ಮುಂಭಾಗದಲ್ಲಿಡಿ.

ಕುಮಟಾ ಮೂಲದವ (ಈಗ ಸಿಡ್ನಿ), ಮೇ 17

ನಾನಿರುವ ಆಸ್ಟ್ರೇಲಿಯಾದಲ್ಲಿ ಇದು ಇಡೀ ದೇಶದ ವಾರ್ಷಿಕ ಸಮಸ್ಯೆ, ಆದ್ದರಿಂದ ಇಲ್ಲಿನ ಜನರು ಹೇಗೆ ನಿಭಾಯಿಸುತ್ತಾರೆಂದು ತಿಳಿಸುತ್ತೇನೆ. ಇಲ್ಲಿ ಮ್ಯಾಗ್‌ಪೈ ಎಂಬ ಕಪ್ಪು ಬಿಳುಪಿನ ಹಕ್ಕಿಯಿದೆ. ಇಲ್ಲಿನ ವಸಂತದ ಆಸುಪಾಸಿನಲ್ಲಿ, ಅಂದರೆ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ, ಅದು ದಾರಿಹೋಕರ ಮೇಲೆ, ಸೈಕಲ್ ಸವಾರರ ಮೇಲೆ ಎರಗುತ್ತದೆ. ಎರಗುವುದು ಹೆಚ್ಚುಕಡಿಮೆ ಗಂಡುಹಕ್ಕಿ ಮಾತ್ರ, ಅದರಲ್ಲಿಯೂ ಕೆಲವೇ ಕೆಲವು. ಬಹುಪಾಲು ಮ್ಯಾಗ್‌ಪೈಗಳು ಮನುಷ್ಯರ ತಂಟೆಗೇ ಬರುವುದಿಲ್ಲ. ಬ್ರಿಸ್ಬೇನ್‌ನ ಗ್ರಿಫಿತ್ ವಿಶ್ವವಿದ್ಯಾಲಯದ ಡ್ಯಾರಿಲ್ ಜೋನ್ಸ್ ಇದನ್ನು ಬಹುಕಾಲ ಅಧ್ಯಯನ ಮಾಡಿದವರು. ಕೆಲವು ಹಕ್ಕಿಗಳು ನಡೆಯುವವರನ್ನು ಮಾತ್ರ, ಕೆಲವು ಸೈಕಲ್ಲಿನವರನ್ನು ಮಾತ್ರ, ಕೆಲವು ಅಂಚೆಯವರನ್ನು ಮಾತ್ರ ಅಟ್ಟುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿಗಳಲ್ಲೊಂದು.

ಇಲ್ಲಿ ಆ ಹಕ್ಕಿಯನ್ನು ಕೊಲ್ಲುವುದು ಕಾನೂನುಬಾಹಿರ. ನಗರಾಡಳಿತದವರು ಆ ರಸ್ತೆಯ ತಿರುವಿನಲ್ಲಿ ಎಚ್ಚರಿಕೆಯ ಫಲಕ ಹಾಕುತ್ತಾರೆ, ಜನರು ಆ ಕೆಲವು ವಾರ ಬೇರೆ ದಾರಿ ಹಿಡಿಯುತ್ತಾರೆ. ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ನಡೆಯಿರಿ ಎಂಬುದು ಎಲ್ಲರೂ ಹೇಳುವ ಸಲಹೆ. ಶಿರಸ್ತ್ರಾಣದ ಹಿಂಬದಿಗೆ ಕಣ್ಣು ಬರೆದುಕೊಳ್ಳುವವರೂ ಇದ್ದಾರೆ, ಆದರೆ ಅದನ್ನು ಲೆಕ್ಕಿಸದ ಹಕ್ಕಿಗಳೂ ಇವೆ. ಊರಲ್ಲಿ ನಮಗೆ ಕೊಡೆಯಿದೆ, ಮೇ ತಿಂಗಳಲ್ಲಿ ಅದನ್ನು ಬಿಚ್ಚಿದರೆ ಯಾರೂ ಏನೂ ಅನ್ನುವುದಿಲ್ಲ.

ನಿವೃತ್ತ ದಾದಿ (ಕುಮಟಾ), ಮೇ 18

ಯಾರೂ ಹೇಳದ ಒಂದು ಮಾತು ಸೇರಿಸುತ್ತೇನೆ. ತಲೆಗೆ ಗೀರು ಬಿದ್ದರೆ ಸೋಪು ಮತ್ತು ಧಾರಾಳ ನೀರಿನಿಂದ ತೊಳೆಯಿರಿ. ಧನುರ್ವಾಯುವಿನ ಚುಚ್ಚುಮದ್ದು ಬಾಕಿಯಿದ್ದರೆ ಹಾಕಿಸಿಕೊಳ್ಳಿ. ನಾಯಿಕಡಿತದ ಹಾಗೆ ರೇಬೀಸ್ ಚುಚ್ಚುಮದ್ದು ಬೇಕೇ ಎಂದು ಹಲವರು ಕೇಳುತ್ತಾರೆ. ಆ ರೋಗ ಹರಡುವುದು ಸಸ್ತನಿಗಳಿಂದ, ಹಕ್ಕಿಗಳಿಂದಲ್ಲ. ಕಣ್ಣಿಗೆ ತಾಗಿದರೆ ಮಾತ್ರ ಮನೆಮದ್ದು ಮಾಡುತ್ತಾ ಕೂರದೆ ಅಂದೇ ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು. ಮಕ್ಕಳಿಗೆ ಕನ್ನಡಕ, ಟೊಪ್ಪಿ ಹಾಕಿಸಿಯೇ ಹಿತ್ತಲಿಗೆ ಬಿಡಿ.

ಕೋಡಿಬಾಗದ ಮನೆ (ಕಾರವಾರ), ಜೂನ್ 4

ಇಂದು ಬೆಳಿಗ್ಗೆ ಒಂದು ಮರಿ ಒಗೆಯುವ ಕಲ್ಲಿನ ಪಕ್ಕ ನೆಲದಲ್ಲಿ ಕುಳಿತಿದೆ. ಗರಿ ಬಂದಿದೆ, ಹಾರಲು ಬರುವುದಿಲ್ಲ. ಹತ್ತಿರ ಹೋಗಲು ಸಾಧ್ಯವೇ ಇಲ್ಲದಂತೆ ಕಾಗೆಗಳು ಸುತ್ತುವರಿದಿವೆ. ಮಗಳು ಅದನ್ನು ಒಳಗೆ ತಂದು ಸಾಕೋಣವೆನ್ನುತ್ತಾಳೆ. ಪಕ್ಕದ ಮನೆಯ ಬೆಕ್ಕಿನ ಭಯವೂ ಇದೆ.

ಹಕ್ಕಿ ನೋಡುವ ಮೇಷ್ಟ್ರು (ಶಿರಸಿ), ಜೂನ್ 4

ಒಳಗೆ ತರಬೇಡಿ. ಗರಿ ಬಂದ ಮರಿ ನೆಲದಲ್ಲಿದ್ದರೂ ಅದರ ತಂದೆತಾಯಿಗಳು ಅಲ್ಲಿಯೇ ಉಣಿಸುತ್ತವೆ. ಬೆಕ್ಕು ಬರುವ ಜಾಗವಾದರೆ ಒಬ್ಬರು ಕೊಡೆ ಹಿಡಿದು ನಿಲ್ಲಲಿ, ಇನ್ನೊಬ್ಬರು ಹಳೆಯ ಬಟ್ಟೆಯಿಂದ ಮರಿಯನ್ನು ಮೃದುವಾಗಿ ಎತ್ತಿ ಹತ್ತಿರದ ಗಿಡದ ತಗ್ಗಿನ ಕೊಂಬೆಗೆ ಕೂರಿಸಿ ಕೂಡಲೇ ಹಿಂದಿರುಗಲಿ. ತಮ್ಮನವರು ಈ ಕೆಲಸಕ್ಕೆ ಹೋಗುವುದು ಬೇಡ. ನೆರೆಮನೆಯವರಲ್ಲಿ ಬೆಕ್ಕನ್ನು ಒಂದೆರಡು ದಿನ ಒಳಗಿಡುವಂತೆ ವಿನಂತಿಸಿ. ಮರಿ ಕೊಂಬೆಯಿಂದ ಕೊಂಬೆಗೆ ಹಾರುವಷ್ಟಾದ ಮೇಲೆ ಕಾಗೆಗಳ ಕಾವಲು ಅದರ ಜೊತೆಗೇ ಹಿತ್ತಲಿನಾಚೆ ಹೋಗುತ್ತದೆ.

ಹೊಸ ಮನೆ ಕಟ್ಟುತ್ತಿರುವವರು (ಹೊನ್ನಾವರ), ಜೂನ್ 6

ಸಂಬಂಧಿಸಿದ್ದೇ ಆದ್ದರಿಂದ ಇಲ್ಲಿಯೇ ಕೇಳುತ್ತೇನೆ. ಮನೆ ಕಟ್ಟಲು ಚಿರೇಕಲ್ಲು ರಾಶಿ ಹಾಕಿರುವ ನಮ್ಮ ಜಾಗದಲ್ಲಿ ಟಿಟ್ಟಿಭ ಹಕ್ಕಿ ಬರಿನೆಲದಲ್ಲಿ ನಾಲ್ಕು ಮೊಟ್ಟೆಯಿಟ್ಟಿದೆ. ಕೆಲಸದವರು ಹೋದರೆ ಚೀರುತ್ತಾ ಮುಖದ ಮಟ್ಟಕ್ಕೆ ಹಾರಿ ಬರುತ್ತದೆ. ಕೆಲಸ ನಿಲ್ಲಿಸಬೇಕೇ?

ಹಕ್ಕಿ ನೋಡುವ ಮೇಷ್ಟ್ರು (ಶಿರಸಿ), ಜೂನ್ 6

ಇಡೀ ಕೆಲಸ ನಿಲ್ಲಿಸಬೇಕಿಲ್ಲ, ಆ ಮೂಲೆಯ ಕೆಲಸ ಮುಂದೂಡಿದರೆ ಸಾಕು. ಟಿಟ್ಟಿಭ ಹೆದರಿಸುವುದೇ ಹೆಚ್ಚು, ತಾಗಿಸುವುದು ಕಡಿಮೆ. ಕಾವು ಸುಮಾರು ನಾಲ್ಕು ವಾರ. ಇದರ ಮರಿಗಳು ಕಾಗೆಯ ಮರಿಗಳಂತೆ ಗೂಡಿನಲ್ಲಿ ವಾರಗಟ್ಟಲೆ ಕೂರುವುದಿಲ್ಲ. ಒಡೆದ ಸ್ವಲ್ಪ ಹೊತ್ತಿಗೇ ಎದ್ದು ನಡೆದು ತಾಯಿಯ ಹಿಂದೆ ಹೊರಡುತ್ತವೆ. ಮೊಟ್ಟೆಯ ಸುತ್ತ ನಾಲ್ಕು ಗೂಟ ನೆಟ್ಟು ಹಗ್ಗ ಕಟ್ಟಿ, ಲಾರಿಯವರಿಗೂ ದನ ಕಾಯುವವರಿಗೂ ತಿಳಿಸಿ. ಮೊಟ್ಟೆಯನ್ನು ಎತ್ತಿ ಬೇರೆಡೆ ಇಡಬೇಡಿ. ಅದರ ಮೇಲೆ ನೆರಳಿಗೆಂದು ತಗಡು ಹಾಕುವುದೂ ಬೇಡ. ಬಿಸಿಲು ಹೆಚ್ಚಾದರೆ ಅದು ಹೊಟ್ಟೆಯ ಗರಿಯನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಾನೇ ತಂಪು ಮಾಡಿಕೊಳ್ಳುತ್ತದೆ.

ಕೋಡಿಬಾಗದ ಮನೆ (ಕಾರವಾರ), ಜೂನ್ 15

ಮರಿಗಳು ಹಾರಿಹೋಗಿವೆ, ಬಾವಿಕಟ್ಟೆ ಮತ್ತೆ ನಮ್ಮದಾಗಿದೆ. ಮಾವಿನಕಾಯಿಯಲ್ಲಿ ಮುಕ್ಕಾಲು ಪಾಲು ಸಿಕ್ಕಿತು, ಗುತ್ತಿಗೆಯವರೂ ಸಮಾಧಾನದಿಂದ ಒಪ್ಪಿಕೊಂಡರು. ಈಗ ಖಾಲಿಯಾಗಿರುವ ಗೂಡನ್ನು ತೆಗೆಯಬಹುದೇ? ಬಾವಿಯ ಮೇಲೆ ಚಾಚಿರುವ ಕೊಂಬೆಯನ್ನು ಕಡಿಸುವುದಿದ್ದರೆ ಯಾವಾಗ ಕಡಿಸಬೇಕು?

ಈಶಾಡಿನ ತೋಟ (ಅಂಕೋಲಾ), ಜೂನ್ 15

ಗೂಡಿನಲ್ಲಿ ಮೊಟ್ಟೆಯೂ ಮರಿಯೂ ಇಲ್ಲವೆಂದು, ಜೋಡಿ ಅದನ್ನು ಬಿಟ್ಟಿದೆಯೆಂದು ಖಚಿತವಾದ ಮೇಲೆ, ಕೊಂಬೆ ಸವರುವಾಗಲೇ ಅದನ್ನೂ ಇಳಿಸಿ. ಊರ ಕಾಗೆಯ ಗೂಡಿನಲ್ಲಿ ತಂತಿಯ ತುಂಡುಗಳು ಇರುವುದುಂಟು, ಬರಿಗೈ ಹಾಕಬೇಡಿ. ಕೊಯ್ಲಾದ ಕೂಡಲೇ ಸವರುವುದು ಮಾವಿಗೆ ಒಳ್ಳೆಯದಾದರೂ ನಮ್ಮ ಕರಾವಳಿಯ ಜುಲೈ ಮಳೆಯಲ್ಲಿ ಕಡಿದ ಗಾಯ ಒಣಗದೆ ಕೊಳೆಯುತ್ತದೆ. ಮಳೆಯ ಅಬ್ಬರ ಇಳಿದ ಮೇಲೆ, ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲಿಗೆ, ಮಾಡಿಸಿ; ಅದಕ್ಕಿಂತ ತಡ ಮಾಡಿದರೆ ಮುಂದಿನ ಹೂವಿಗೆ ಹೊಡೆತ. ಬಾವಿಯ ಮೇಲಿನ ಕವಲುಗಳನ್ನು ಮಾತ್ರ ತೆಗೆಸಿ, ಹಿತ್ತಲಿನ ಹಿಂದಿನ ಮೂಲೆಯಲ್ಲಿ ಯಾರೂ ನಡೆಯದ ಕಡೆ ಒಂದು ಮರವಿದ್ದರೆ ಅದನ್ನು ಮುಟ್ಟಬೇಡಿ. ಕಾಗೆ ಹೇಗೂ ಬರುತ್ತದೆ, ಅಲ್ಲಿ ಕಟ್ಟಿದರೆ ಎಲ್ಲರಿಗೂ ಅನುಕೂಲ.

ಅಡಿಕೆ ತೋಟದವರು (ಸಿದ್ದಾಪುರ), ಜೂನ್ 16

ಕಡಿದ ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ. ನೂರು ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, ನೂರು ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರಿನಲ್ಲಿ ಬೇರೆಬೇರೆಯಾಗಿ ಕರಗಿಸಿ, ಆಮೇಲೆ ಬೆರೆಸಿ. ಪ್ಲಾಸ್ಟಿಕ್ ಬಕೆಟ್ಟನ್ನೇ ಬಳಸಬೇಕು, ಕಬ್ಬಿಣದ ಪಾತ್ರೆ ಬೇಡ. ಬೆರೆಸಿದ ದಿನವೇ ಬಳಿದು ಮುಗಿಸಿ, ಮತ್ತು ಬಾವಿಯ ಮೇಲಿನ ಕೊಂಬೆಯಾದ್ದರಿಂದ ಆ ಹೊತ್ತಿಗೆ ಬಾವಿಗೆ ತಾಡಪತ್ರಿ ಮುಚ್ಚಿರಿ.